ಹಣ ಕೊಟ್ಟು ಕೊಂಡ ಇ-ಪುಸ್ತಕ ಯಾರದು? ಅದನ್ನು ಓದಿದ ಲೆಕ್ಕ ಯಾರ ಬಳಿ ಇರುತ್ತದೆ?

ಪ್ರಶ್ನೆ: ಬೆಣ್ಣೆನಗರಿ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಇ-ಪುಸ್ತಕಗಳನ್ನು ಕೊಂಡು ಓದುವ ರೂಢಿ ಬೆಳೆದು ಆರು ವರ್ಷಗಳಾದವು. ಈ ವರ್ಷ ನಡೆದ ಎರಡು ಪ್ರಸಂಗಗಳಿಂದಾಗಿ, ಇಷ್ಟು ದಿನ ನಾನು ಕೊಂಡದ್ದೇನು, ಅದರ ಜೊತೆಗೆ ಕೊಟ್ಟದ್ದೇನು ಎಂಬುದೇ ತಿಳಿಯದಂತಾಗಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲನೆಯದು ಹೀಗೆ. ಕನ್ನಡ ಪುಸ್ತಕಗಳನ್ನು ಮಾರುತ್ತಿದ್ದ ಒಂದು ಸಣ್ಣ ಆ್ಯಪ್‌ನಲ್ಲಿ ನಾನು 43 ಪುಸ್ತಕಗಳನ್ನು ಕೊಂಡಿದ್ದೆ. ಒಟ್ಟು ಬೆಲೆ ನಾಲ್ಕು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಆ ಆ್ಯಪ್ ಮುಚ್ಚಲಿದೆ ಎಂಬ ಮಿಂಚಂಚೆ 15 ದಿನ ಮೊದಲು ಬಂದಿತ್ತಂತೆ. ಅದು ಸೀರೆ ಅಂಗಡಿಗಳ ಜಾಹೀರಾತುಗಳ ನಡುವೆ ಹೋಗಿ ಕುಳಿತದ್ದರಿಂದ ನಾನು ನೋಡಲಿಲ್ಲ. ಒಂದು ದಿನ ಬೆಳಗ್ಗೆ ಶಾಸನಗಳ ಪಾಠಕ್ಕೆ ಮಾಡಿಕೊಂಡಿದ್ದ ಟಿಪ್ಪಣಿಗಳನ್ನು ನೋಡಲು ಆ್ಯಪ್ ತೆರೆದರೆ, ‘ನಿಮ್ಮ ಗ್ರಂಥಾಲಯ ಖಾಲಿ ಇದೆ, ಪುಸ್ತಕಗಳನ್ನು ಸೇರಿಸಿ’ ಎಂಬ ಸಾಲು ಮಾತ್ರ ಉಳಿದಿತ್ತು. ಪತ್ರ ಬರೆದು ಕೇಳಿದಾಗ, ‘ನೀವು ಪಡೆದದ್ದು ಓದುವ ಪರವಾನಗಿ ಮಾತ್ರ, ಪುಸ್ತಕವನ್ನಲ್ಲ, ಇದನ್ನು ನೀವು ಒಪ್ಪಿದ ಷರತ್ತುಗಳಲ್ಲಿ ಹೇಳಲಾಗಿದೆ’ ಎಂದು ಉತ್ತರ ಬಂತು. ಆದರೆ ಪ್ರತಿ ಸಲವೂ ನಾನು ಒತ್ತಿದ ಗುಂಡಿಯ ಮೇಲೆ ‘ಖರೀದಿಸಿ’ ಎಂದೇ ಬರೆದಿತ್ತು.

ಎರಡನೆಯದನ್ನು ಬರೆಯಲು ಸ್ವಲ್ಪ ಸಂಕೋಚವಾಗುತ್ತದೆ. ಆಷಾಢದಲ್ಲಿ ನನ್ನ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಬಯಾಪ್ಸಿಯ ವರದಿ ಬರುವವರೆಗೆ ಮನೆಯಲ್ಲಿ ಯಾರಿಗೂ ಹೇಳುವುದು ಬೇಡವೆಂದುಕೊಂಡು, ಬೇರೊಂದು ದೊಡ್ಡ ಕಂಪನಿಯ ಆ್ಯಪ್‌ನಲ್ಲಿ ಆ ಕಾಯಿಲೆಯ ಕುರಿತ ಇಂಗ್ಲಿಷ್ ಪುಸ್ತಕವೊಂದನ್ನು ಕೊಂಡು ನನ್ನ ಫೋನಿನಲ್ಲಿ ಓದುತ್ತಿದ್ದೆ. ಅದೇ ಖಾತೆಯನ್ನು ಯಾವಾಗಲೋ ನಮ್ಮ ಮನೆಯ ಟ್ಯಾಬ್‌ಗೂ ಸೇರಿಸಿದ್ದು ನನಗೆ ಮರೆತೇಹೋಗಿತ್ತು. ಸಂಜೆ ದಾಸರ ಪದ ಕೇಳಲೆಂದು ಟ್ಯಾಬ್ ತೆಗೆದ ಅತ್ತೆಯವರ ಮುಂದೆ ಆ ಪುಸ್ತಕದ ಮುಖಪುಟ, ಗುಲಾಬಿ ರಿಬ್ಬನ್ನಿನ ಚಿತ್ರ, ಕೆಳಗೆ ‘ಓದು ಮುಂದುವರಿಸಿ, 31%’ ಎಂಬ ಸಾಲು. ಅವರಿಗೆ ಇಂಗ್ಲಿಷ್ ಬಾರದು. ಆದರೆ ಅದೇ ರಿಬ್ಬನ್ನನ್ನು ಆಸ್ಪತ್ರೆಯ ಗೋಡೆಯ ಮೇಲೆ ನೋಡಿದ್ದವರು. ‘ಇದನ್ನ ಯಾರು ಓದಾಕತ್ತಾರವ್ವಾ?’ ಎಂದು ಕೇಳಿದರು. ಗಂಟು ನಿರುಪದ್ರವಿ ಎಂದು ಆಮೇಲೆ ತಿಳಿಯಿತು, ಅದು ಬೇರೆ ಮಾತು. ಹೇಳಬೇಕೋ ಬೇಡವೋ, ಯಾವಾಗ ಹೇಳಬೇಕು ಎಂಬ ತೀರ್ಮಾನ ನನ್ನ ಕೈಯಲ್ಲಿ ಉಳಿಯಲಿಲ್ಲ.

ಕಳೆದುಹೋದ ಪುಸ್ತಕಗಳ ಹಣವನ್ನು ಕೇಳುವ ಹಕ್ಕು ನನಗಿದೆಯೇ? ನಾನು ಏನು ಓದುತ್ತೇನೆ ಎಂಬುದು ಯಾರ ಯಾರ ಬಳಿ ದಾಖಲಾಗಿರುತ್ತದೆ, ಅದಕ್ಕೆ ಕಾನೂನಿನ ತಡೆ ಏನಾದರೂ ಉಂಟೇ? ಮುಂದೆ ಕೊಳ್ಳುವಾಗ ನೋಡಬೇಕಾದದ್ದು ಏನು?

ಉತ್ತರ: ಸಾಧನಕೇರಿ ವಕೀಲ

ಮೇಡಂ, ನಿಮ್ಮ ಎರಡು ಪ್ರಸಂಗಗಳಲ್ಲಿ ಮೊದಲನೆಯದಕ್ಕೆ ಕಾನೂನಿನ ಬಲ ಚೆನ್ನಾಗಿಯೇ ಇದೆ, ಎರಡನೆಯದಕ್ಕೆ ಕಡಿಮೆ. ಆದ್ದರಿಂದ ಎರಡನ್ನೂ ಒಂದೇ ದೂರಿನಲ್ಲಿ ಸೇರಿಸಬೇಡಿ.

‘ಪರವಾನಗಿ ಮಾತ್ರ’ ಎಂಬ ಉತ್ತರವನ್ನು ಮೊದಲು ನೋಡೋಣ. ಅಚ್ಚಾದ ಪುಸ್ತಕವನ್ನು ನೀವು ಕೊಂಡ ಮೇಲೆ ಅದನ್ನು ಮಾರಬಹುದು, ಯಾರಿಗಾದರೂ ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು; ಏಕೆಂದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಂ ಲೇಖಕರಿಗೆ ಪ್ರತಿಗಳನ್ನು ಹೊರತರುವ ಹಕ್ಕನ್ನು ಕೊಡುವಾಗಲೇ ‘ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು’ ಅದರಿಂದ ಹೊರಗಿಟ್ಟಿದೆ. ಇ-ಪುಸ್ತಕದಲ್ಲಿ ಕೈಬದಲಾಗುವ ಪ್ರತಿ ಎಂಬುದೇ ಇಲ್ಲ, ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಹೊಸ ಪ್ರತಿ ಹುಟ್ಟುತ್ತದೆ. ಮಾರುವವರು ಪರವಾನಗಿ ಎಂಬ ಪದವನ್ನು ಹಿಡಿದುಕೊಂಡಿರುವುದು ಇದೇ ಕಾರಣಕ್ಕೆ. ನಮ್ಮ ತೆರಿಗೆ ಪದ್ಧತಿಯೂ ಇದನ್ನು ಸೇವೆ ಎಂದೇ ಎಣಿಸುತ್ತದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೇ ಪುಸ್ತಕದ ಇ-ಆವೃತ್ತಿಗೆ 2018ರ ಜುಲೈನಲ್ಲಿ 18%ರಿಂದ ಇಳಿಸಿದ ಮೇಲೂ 5% ಉಂಟು. ನಿಮ್ಮ ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದರೆ ಆ ಸಾಲು ಕಾಣಬಹುದು.

ಆದರೆ ಪರವಾನಗಿ ಎಂದು ಹೆಸರಿಟ್ಟ ಮಾತ್ರಕ್ಕೆ ಮಾರಿದವರ ಹೊಣೆ ಹರಿದುಹೋಗುವುದಿಲ್ಲ. ಸಿದ್ಧ ತಂತ್ರಾಂಶಕ್ಕೆ ವಿದೇಶಿ ಕಂಪನಿಗಳಿಗೆ ಕೊಡುವ ಹಣ ರಾಯಲ್ಟಿಯೇ (ಕೃತಿಸ್ವಾಮ್ಯದ ಬಳಕೆಗೆ ಕೊಡುವ ಹಣವೇ) ಎಂಬ ತೆರಿಗೆ ವ್ಯಾಜ್ಯದಲ್ಲಿ ನಮ್ಮ ಹೈಕೋರ್ಟ್ 2011ರಲ್ಲಿ ಹೌದೆಂದಿತ್ತು; ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ ಆ ನಿಲುವನ್ನು ತಳ್ಳಿಹಾಕಿ, ಒಪ್ಪಂದದ ತಲೆಬರಹದಲ್ಲಿ ಏನಿದೆ ಎಂಬುದಕ್ಕಿಂತ ನಿಜವಾಗಿ ನಡೆದ ವಹಿವಾಟು ಏನು ಎಂಬುದನ್ನು ನೋಡಬೇಕೆಂದು ಹೇಳಿತು. ಅದು ತೆರಿಗೆಯ ತೀರ್ಪು, ಇ-ಪುಸ್ತಕದ್ದಲ್ಲ. ಹಾಗಿದ್ದರೂ ‘ಪರವಾನಗಿ’ ಎಂಬ ಒಂದೇ ಪದವನ್ನು ಮಂತ್ರದಂತೆ ಜಪಿಸುವವರಿಗೆ ತೋರಿಸಲು ಒಳ್ಳೆಯ ತೀರ್ಪು.

ನಿಮ್ಮ ಪಾಲಿಗೆ ಇನ್ನೂ ಹತ್ತಿರದ ದಾರಿಯೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದು ಸರಕಿಗೂ ಅನ್ವಯಿಸುತ್ತದೆ, ಸೇವೆಗೂ ಅನ್ವಯಿಸುತ್ತದೆ; ಆದ್ದರಿಂದ ನೀವು ಕೊಂಡದ್ದು ಯಾವುದು ಎಂಬ ತರ್ಕದಲ್ಲಿ ಸಿಕ್ಕಿಕೊಳ್ಳುವ ಅಗತ್ಯವೇ ಇಲ್ಲ. ಸೇವೆಯೇ ಎಂದು ಅವರು ವಾದಿಸಿದರೆ, ಸರಿ, ಅದು ಸೇವಾ ನ್ಯೂನತೆ. 2020ರ ಜುಲೈನಲ್ಲಿ ಜಾರಿಗೆ ಬಂದ ಇ-ವಾಣಿಜ್ಯ ನಿಯಮಗಳು ಡಿಜಿಟಲ್ ಉತ್ಪನ್ನಗಳನ್ನು ಹೆಸರೆತ್ತಿ ಒಳಗೊಂಡಿವೆ. ಭಾರತದಲ್ಲಿ ನೋಂದಣಿಯಾಗದಿದ್ದರೂ ಇಲ್ಲಿನ ಗ್ರಾಹಕರಿಗೆ ನಿಯಮಿತವಾಗಿ ಮಾರುವ ಸಂಸ್ಥೆಗಳನ್ನೂ ಬಿಟ್ಟಿಲ್ಲ. ಪ್ರತಿ ಸಂಸ್ಥೆಗೂ ಕುಂದುಕೊರತೆ ಅಧಿಕಾರಿ ಇರಬೇಕು, ಆತ ನಿಮ್ಮ ದೂರು ತಲುಪಿತೆಂದು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ನೀವು ಇದುವರೆಗೆ ಬರೆದದ್ದು ಬಹುಶಃ ಗ್ರಾಹಕ ಸಹಾಯ ವಿಭಾಗಕ್ಕೆ. ಈಗ ಆ ಅಧಿಕಾರಿಯ ಹೆಸರಿಗೇ ಬರೆಯಿರಿ.

ಪತ್ರದ ಜೊತೆ ಹಣ ಪಾವತಿಯ ದಾಖಲೆ, ಪುಸ್ತಕಗಳ ಪಟ್ಟಿ, ಆ್ಯಪ್ ಮುಚ್ಚುವ ಮಿಂಚಂಚೆ, ಅವರ ಉತ್ತರ ಇಷ್ಟನ್ನು ಲಗತ್ತಿಸಿ. ‘ಖರೀದಿಸಿ’ ಗುಂಡಿ ಇದ್ದ ಪುಟ ಈಗ ಇಲ್ಲದಿರಬಹುದು; ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷಿನ್‌ನಲ್ಲಿ ಅವರ ಜಾಲತಾಣದ ಹಳೆಯ ರೂಪ ಸಿಕ್ಕರೆ ಅದನ್ನು ಮುದ್ರಿಸಿಕೊಳ್ಳಿ. ತಿಂಗಳು ಕಳೆದೂ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದಾಖಲಿಸಿ, ಅನಂತರ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕಂಪನಿ ಎಲ್ಲಿಯೇ ಇರಲಿ, ನೀವು ವಾಸಿಸುವ ಊರಿನಲ್ಲಿ ದೂರು ಕೊಡಬಹುದು ಎಂಬುದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ಐದು ಲಕ್ಷದವರೆಗಿನ ವಹಿವಾಟಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ (ನನ್ನ ವೃತ್ತಿಗೆ ಹಾನಿಯಾದರೂ ಹೇಳಲೇಬೇಕು). ಎರಡು ವರ್ಷಗಳ ಕಾಲಮಿತಿ ಇದೆ, ಮರೆಯಬೇಡಿ.

ಒಂದು ಎಚ್ಚರಿಕೆ. ಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಮುಗಿಸುವ ಷರತ್ತನ್ನು ಕಾಯ್ದೆ ‘ಅನ್ಯಾಯದ ಒಪ್ಪಂದ’ ಎನ್ನುತ್ತದೆ ನಿಜ, ಆದರೆ ಆ ಷರತ್ತನ್ನೇ ರದ್ದುಮಾಡಿ ಎಂದು ಕೇಳುವುದಾದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿಲ್ಲ, ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು. ನಾಲ್ಕು ಸಾವಿರಕ್ಕಾಗಿ ಅಷ್ಟು ದೂರ ಅಲೆಯುವುದು ಬೇಡ. ಸೇವಾ ನ್ಯೂನತೆ ಮತ್ತು ದಾರಿತಪ್ಪಿಸುವ ವಿವರಣೆ ಎಂಬ ಎರಡೇ ಆಧಾರದ ಮೇಲೆ ಹಣ ವಾಪಸು ಕೇಳಿ. ಕಂಪನಿ ಇನ್ನೂ ಜೀವಂತವಾಗಿದೆಯೇ ಎಂಬುದನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಮೊದಲೇ ನೋಡಿಕೊಳ್ಳಿ. ಆ್ಯಪ್ ಮುಚ್ಚಿದ ಮಾತ್ರಕ್ಕೆ ಕಂಪನಿ ಮುಚ್ಚಿರುವುದಿಲ್ಲ. ಇಷ್ಟು ವರ್ಷ ಓದಿದ್ದೀರಿ ಎಂಬ ಕಾರಣಕ್ಕೆ ಆಯೋಗ ಪೂರ್ತಿ ಹಣ ಕೊಡಿಸದೆಯೂ ಇರಬಹುದು.

ಇನ್ನು ಖಾಸಗಿತನ. ವೈಯಕ್ತಿಕ ಗೋಪ್ಯತೆ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿಯನ್ನು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕನ್ನು ಖಾಸಗಿ ಕಂಪನಿಗಳ ಮೇಲೆ ಪ್ರಯೋಗಿಸಲು ಬೇಕಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಯಿತು. ನಿಮ್ಮ ಬಗ್ಗೆ ಏನೇನು ಸಂಗ್ರಹಿಸಿದ್ದಾರೆ ಎಂದು ಕೇಳುವ, ಅಳಿಸಿ ಎಂದು ಹೇಳುವ ಹಕ್ಕುಗಳು ಅದರಲ್ಲಿವೆ. ದಂಡ 250 ಕೋಟಿಯವರೆಗೂ ಹೋಗಬಹುದು, ಆದರೆ ಅದರಲ್ಲಿ ನೊಂದವರಿಗೆ ಒಂದು ರೂಪಾಯಿಯೂ ಇಲ್ಲ, ಎಲ್ಲವೂ ಸರ್ಕಾರದ ಬೊಕ್ಕಸಕ್ಕೆ. ಇದು ನನಗೆ ಈವರೆಗೂ ಒಪ್ಪಿಗೆಯಾಗದ ಸಂಗತಿ. ಗ್ರಾಹಕ ಕಾಯ್ದೆಯಲ್ಲಿ ಮಾತ್ರ, ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ತಿಳಿಸುವುದು ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಮಾತು 2ನೇ ಕಲಂನಲ್ಲೇ ಇದೆ, ಅಲ್ಲಿ ಪರಿಹಾರ ಕೇಳಬಹುದು. ಆದರೆ ನಿಮ್ಮ ಪ್ರಸಂಗದಲ್ಲಿ ಖಾತೆಯನ್ನು ಟ್ಯಾಬ್‌ಗೆ ಸೇರಿಸಿದವರು ನೀವೇ. ಎದುರು ವಕೀಲನಾಗಿ ನಾನಿದ್ದರೆ ಕೇಳುವ ಮೊದಲ ಪ್ರಶ್ನೆಯೇ ಅದು.

ಉತ್ತರ: ಲಾಗ್‌ಪುಸ್ತಕ

ವಕೀಲರ ಕೊನೆಯ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಟ್ಯಾಬ್‌ಗೆ ಖಾತೆ ಸೇರಿಸಿದವರು ಅವರೇ ಇರಬಹುದು; ಆದರೆ ಕಾಯಿಲೆಯ ಪುಸ್ತಕದ ಮುಖಪುಟವನ್ನು ಯಾರೂ ಕೇಳದಿದ್ದರೂ ಮುಖಪರದೆಯ ಮೇಲೆ ತಂದು ನಿಲ್ಲಿಸಿದ್ದು ವಿನ್ಯಾಸಕಾರರ ತೀರ್ಮಾನ. ನಾನು ಬೆಂಗಳೂರಿನಲ್ಲಿ ಒಂದು ಓದುವ ಆ್ಯಪ್‌ನ ತಂಡದಲ್ಲಿ ಮೂರು ವರ್ಷ ಕೆಲಸ ಮಾಡಿದವನು. ‘ಓದು ಮುಂದುವರಿಸಿ’ ಎಂಬ ಪಟ್ಟಿಯನ್ನು ಎಲ್ಲಕ್ಕಿಂತ ಮೇಲೆ ಇಡಬೇಕೆಂದು ಸಭೆಯಲ್ಲಿ ಗಟ್ಟಿಯಾಗಿ ವಾದಿಸಿದವರಲ್ಲಿ ನಾನೂ ಒಬ್ಬ. ಒಂದು ಮನೆಯಲ್ಲಿ ನಾಲ್ವರು ಒಂದೇ ಸಾಧನ ಬಳಸುತ್ತಾರೆಂಬ ಮಾತು ಆ ಸಭೆಯಲ್ಲಿ ಬರಲೇ ಇಲ್ಲ.

ಏನೇನು ದಾಖಲಾಗುತ್ತದೆ ಎಂದು ಕೇಳಿದ್ದೀರಿ. ನಮ್ಮ ಆ್ಯಪ್‌ನಲ್ಲಿ ಪುಸ್ತಕ ತೆರೆದ ಹೊತ್ತು, ಪ್ರತಿ ಪುಟ ತಿರುವಿದ ಹೊತ್ತು, ಒಂದು ಪುಟದ ಮೇಲೆ ಎಷ್ಟು ಸೆಕೆಂಡು ನಿಂತಿರಿ, ಅಡಿಗೆರೆ ಎಳೆದ ಸಾಲು, ನಿಘಂಟಿನಲ್ಲಿ ನೋಡಿದ ಪದ, ಪುಸ್ತಕದೊಳಗೆ ಹುಡುಕಿದ ಪದ, ಅಕ್ಷರದ ಗಾತ್ರ, ಬ್ಯಾಟರಿಯ ಮಟ್ಟ ಎಲ್ಲವೂ ದಾಖಲಾಗುತ್ತಿತ್ತು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದರೆ ತಪ್ಪುತ್ತದೆ ಎಂದು ಹಲವರು ನಂಬಿದ್ದಾರೆ. ತಪ್ಪುವುದಿಲ್ಲ, ಎಲ್ಲವೂ ಸಾಧನದಲ್ಲೇ ಸಾಲುಗಟ್ಟಿ ಕಾಯುತ್ತಿದ್ದು, ಇಂಟರ್ನೆಟ್ ಸಿಕ್ಕ ಕೂಡಲೇ ಸರ್ವರ್‌ಗೆ ಹೋಗುತ್ತದೆ. ಯಾವ ಅಧ್ಯಾಯದಲ್ಲಿ ಓದುಗರು ಪುಸ್ತಕ ಬಿಟ್ಟುಹೋಗುತ್ತಾರೆ ಎಂದು ತಿಳಿಯಲು ಒಂದು ದಿನ ನಾನು ಆ ದಾಖಲೆಗಳನ್ನು ತೆರೆದು ನೋಡುತ್ತಿದ್ದೆ. ಮಗುವನ್ನು ಕಳೆದುಕೊಂಡವರಿಗಾಗಿ ಬರೆದ ಒಂದು ಪುಸ್ತಕದ ಏಳನೆಯ ಅಧ್ಯಾಯವನ್ನು ಒಬ್ಬರು ಒಂಬತ್ತು ರಾತ್ರಿ ಸತತವಾಗಿ, ಎರಡು ಗಂಟೆಯ ಆಸುಪಾಸಿನಲ್ಲಿ ತೆರೆದಿದ್ದರು. ಪಕ್ಕದ ಅಂಕಣದಲ್ಲಿ ಅವರ ಮಿಂಚಂಚೆ ವಿಳಾಸವಿತ್ತು. ಅದನ್ನು ನೋಡುವ ಹಕ್ಕು ನನಗಿರಲಿಲ್ಲ. ನೋಡದಂತೆ ತಡೆಯುವ ಏರ್ಪಾಡೂ ಇರಲಿಲ್ಲ. ಮಿಂಚಂಚೆಯ ಅಂಕಣವನ್ನು ಬೇರ್ಪಡಿಸಲು ಆಮೇಲೆ ಎರಡು ದಿನದ ಕೆಲಸ ಸಾಕಾಯಿತು, ಅಷ್ಟೇ.

ನ್ಯಾಯವಾಗಿ ಹೇಳಬೇಕೆಂದರೆ, ಇದರಲ್ಲಿ ಎಲ್ಲವೂ ಕೆಡುಕಿನ ಉದ್ದೇಶದ್ದಲ್ಲ. ಫೋನಿನಲ್ಲಿ ಬಿಟ್ಟ ಪುಟದಿಂದಲೇ ಟ್ಯಾಬ್‌ನಲ್ಲಿ ಮುಂದುವರಿಯಬೇಕಾದರೆ ಆ ಪುಟದ ಸಂಖ್ಯೆ ಸರ್ವರ್‌ನಲ್ಲಿ ಇರಲೇಬೇಕು. ಅಮೆಜಾನ್‌ನ ಇ-ಪುಸ್ತಕ ಸೇವೆಯಾದ ಕಿಂಡಲ್‌ನ ಚಂದಾ ಯೋಜನೆಯಲ್ಲಿ 2015ರ ಜುಲೈನಿಂದ ಲೇಖಕರಿಗೆ ಹಣ ಸಲ್ಲುವುದೇ ಓದಿದ ಪುಟಗಳ ಲೆಕ್ಕದ ಮೇಲೆ. ಎಣಿಸದೆ ಕೊಡುವುದು ಹೇಗೆ? ಬೇಕಾದದ್ದಕ್ಕಿಂತ ಹೆಚ್ಚು ಸಂಗ್ರಹಿಸುವುದು ಮತ್ತು ಬೇಕಾದ ಕಾಲಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು, ತಪ್ಪಾಗುವುದು ಅಲ್ಲಿ. ಸಾಗಿಸುವ ರೀತಿಯಲ್ಲೂ ಅಜಾಗ್ರತೆ ಇರುತ್ತದೆ. ಅಡೋಬಿಯ ಡಿಜಿಟಲ್ ಎಡಿಷನ್ಸ್ 4 ಎಂಬ ತಂತ್ರಾಂಶವು ಓದಿದ ಪುಸ್ತಕ, ಪುಟಗಳ ವಿವರಗಳನ್ನು ಯಾವ ಗೂಢಲಿಪಿಯೂ ಇಲ್ಲದೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದಾದ ರೂಪದಲ್ಲಿ ತನ್ನ ಸರ್ವರ್‌ಗೆ ಕಳುಹಿಸುತ್ತಿದ್ದುದು 2014ರ ಅಕ್ಟೋಬರ್‌ನಲ್ಲಿ ಬಯಲಾಯಿತು. ಗ್ರಂಥಾಲಯಗಳಿಂದ ಎರವಲು ಪಡೆದು ಓದುವವರೂ ಅದನ್ನೇ ಬಳಸುತ್ತಿದ್ದರು.

ನೀವು ಈಗಲೇ ಮಾಡಬಹುದಾದದ್ದು: ಟ್ಯಾಬ್‌ನಲ್ಲಿ ನಿಮ್ಮ ಖಾತೆಯಿಂದ ಹೊರಬನ್ನಿ, ಅತ್ತೆಯವರಿಗೆ ಪ್ರತ್ಯೇಕ ಬಳಕೆದಾರ ಪ್ರೊಫೈಲ್ ಮಾಡಿಕೊಡಿ. ಖಾತೆಯ ಪುಟದಲ್ಲಿ ‘ನೋಂದಾಯಿತ ಸಾಧನಗಳು’ ಎಂಬ ಪಟ್ಟಿ ಇರುತ್ತದೆ. ಅದನ್ನೊಮ್ಮೆ ತೆರೆದರೆ ಮಾರಿಹೋದ ಹಳೆಯ ಫೋನೂ ಅಲ್ಲಿ ಕಾಣಿಸಬಹುದು. ಸಾಧನಗಳ ನಡುವಿನ ಪುಟಹೊಂದಿಕೆ ನಿಮಗೆ ಅಗತ್ಯವಿಲ್ಲದಿದ್ದರೆ ಅದನ್ನು ನಿಲ್ಲಿಸಿ. ಕಿಂಡಲ್ ಆದರೆ ಸಾರ್ವಜನಿಕ ಅಡಿಗೆರೆಗಳ ಆಯ್ಕೆಯನ್ನೂ ನೋಡಿಕೊಳ್ಳಿ. ಇಷ್ಟರಿಂದ ಮನೆಯವರ ಕಣ್ಣಿನಿಂದ ಮರೆಯಾಗಬಹುದು, ಕಂಪನಿಯ ಕಣ್ಣಿನಿಂದಲ್ಲ. ಕಂಪನಿಗೂ ತಿಳಿಯಬಾರದು ಎನ್ನುವಂಥ ಪುಸ್ತಕವಾದರೆ ಬೀಗವಿಲ್ಲದ (ನಕಲು ಮಾಡದಂತೆ ತಡೆಯುವ ಡಿಜಿಟಲ್ ಕಟ್ಟು ಇಲ್ಲದ) ಇಪಬ್ ಎಂಬ ರೂಪದ ಇ-ಪುಸ್ತಕ ಕಡತವನ್ನು ಕೊಂಡು, ಇಂಟರ್ನೆಟ್ ಅನುಮತಿ ಕೇಳದ ಓದುವ ತಂತ್ರಾಂಶದಲ್ಲಿ ತೆರೆಯಿರಿ, ಇಲ್ಲವೇ ಪುಸ್ತಕದ ಅಂಗಡಿಗೆ ಹೋಗಿ ನಗದು ಕೊಟ್ಟು ತನ್ನಿ. ಕಂಪ್ಯೂಟರಿನಲ್ಲಿ ಕಡತಗಳನ್ನು ಜೋಡಿಸಿಡಲು ಕೋವಿದ್ ಗೋಯಲ್ ಅವರು 2006ರಲ್ಲಿ ಆರಂಭಿಸಿದ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಇದೆ, ನಾನು ದಿನವೂ ಬಳಸುತ್ತೇನೆ.

ಉತ್ತರ: ಫ್ರೀಮಾಂಟ್ ಕನ್ನಡಿಗ

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಇವೆರಡಕ್ಕೂ ಕಾನೂನು ಇದೆ. ಎಬಿ 2426 ಎಂಬ ಕಾಯ್ದೆ 2025ರ ಜನವರಿ 1ರಿಂದ ಜಾರಿಯಲ್ಲಿದ್ದು, ಶಾಶ್ವತವಾಗಿ ಇಳಿಸಿಕೊಳ್ಳಲು ಬಾರದ ಡಿಜಿಟಲ್ ಸರಕನ್ನು ಮಾರುವಾಗ, ಇದು ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’, ‘ಖರೀದಿಸಿ’ ಎಂಬ ಪದಗಳನ್ನು ಬಳಸುವಂತಿಲ್ಲ. ಪರಿಣಾಮವಾಗಿ ಗುಂಡಿಯ ಬಳಿ ಸಣ್ಣ ಅಕ್ಷರದ ಒಂದು ಸಾಲು ಸೇರಿತು. ಗುಂಡಿ ಹಾಗೆಯೇ ಉಳಿಯಿತು. ಅದಕ್ಕಿಂತ ಗಟ್ಟಿಯಾದದ್ದು 2012ರಿಂದ ಜಾರಿಯಲ್ಲಿರುವ ಓದುಗರ ಖಾಸಗಿತನದ ಕಾಯ್ದೆ. ನೀವು ಯಾವ ಪುಸ್ತಕ ಓದಿದಿರಿ ಎಂಬ ದಾಖಲೆಯನ್ನು ಪೊಲೀಸರು ಕೇಳಿದರೂ ಪುಸ್ತಕ ಮಾರುವ ಸಂಸ್ಥೆ ನ್ಯಾಯಾಲಯದ ಆದೇಶವಿಲ್ಲದೆ ಸುಮ್ಮನೆ ಕೊಡುವಂತಿಲ್ಲ. ಓದಿನ ದಾಖಲೆಯನ್ನು ಬೇರೆ ದತ್ತಾಂಶಗಳಿಂದ ಪ್ರತ್ಯೇಕವಾಗಿ ಕಂಡ ಇಂಥ ಕಾನೂನು ನಮ್ಮ ದೇಶಕ್ಕೂ ಬರಬೇಕೆಂಬುದು ನನ್ನ ಆಸೆ.

ಪುಸ್ತಕ ಮಾಯವಾಗುವುದು ಹೊಸದೇನಲ್ಲ. 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದ ಎರಡು ಪುಸ್ತಕಗಳನ್ನು ಕೊಂಡವರ ಕಿಂಡಲ್‌ಗಳೊಳಗಿಂದಲೇ ಅಳಿಸಿಹಾಕಿತು. ಅವುಗಳಲ್ಲಿ ಒಂದು, ಬೇಡವಾದ ದಾಖಲೆಗಳನ್ನು ಆಳುವವರೇ ಅಳಿಸಿಹಾಕುವ ಕಥೆಯುಳ್ಳ ಆರ್ವೆಲ್‌ರ ‘1984’ ಎಂಬುದನ್ನು ಯಾರಾದರೂ ಕಥೆ ಕಟ್ಟಿ ಹೇಳಿದ್ದರೆ ನಂಬುತ್ತಿರಲಿಲ್ಲ. ಹಣ ವಾಪಸು ಬಂತು, ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಆದರೆ ಶಾಲೆಯ ಕೆಲಸಕ್ಕೆಂದು ಟಿಪ್ಪಣಿ ಮಾಡಿಕೊಂಡಿದ್ದ ವಿದ್ಯಾರ್ಥಿಯೊಬ್ಬ ಅವು ನಿರುಪಯೋಗಿಯಾದವೆಂದು ದಾವೆ ಹೂಡಿದ, ಅದು ರಾಜಿಯಲ್ಲಿ ಮುಗಿಯಿತು. ಬಹುಶಃ ಅದೇ ಪಾಠದಿಂದಲೋ ಏನೋ, ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಪುಸ್ತಕದ ಅಂಗಡಿ ಮುಚ್ಚಿದಾಗ ಪೂರ್ತಿ ಹಣ ಹಿಂದಿರುಗಿಸಿದ್ದಲ್ಲದೆ, ಟಿಪ್ಪಣಿ ಬರೆದುಕೊಂಡಿದ್ದವರಿಗೆ 25 ಡಾಲರ್ ಹೆಚ್ಚಿಗೆ ಕೊಟ್ಟಿತು. ಓದುಗಿಯವರು ತಮ್ಮ ಪತ್ರದಲ್ಲಿ ಈ ಉದಾಹರಣೆಯನ್ನು ಬಳಸಬಹುದು: ಟಿಪ್ಪಣಿಗೂ ಬೆಲೆಯುಂಟೆಂದು ಒಂದು ದೊಡ್ಡ ಕಂಪನಿಯೇ ಒಪ್ಪಿದೆ.

ಕನ್ನಡದವರ ಕಷ್ಟ ಇನ್ನೂ ಒಂದು ಮೆಟ್ಟಿಲು ಹೆಚ್ಚು. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು, ಕನ್ನಡ ಬರಲಿಲ್ಲ. ಪುಸ್ತಕದ ಬೆಲೆಗಿಂತ ಅಂಚೆವೆಚ್ಚವೇ ಹೆಚ್ಚಾಗುವ ನಮ್ಮಂಥವರು ಸಣ್ಣ ಸಣ್ಣ ಆ್ಯಪ್‌ಗಳನ್ನೇ ನಂಬಿದೆವು. ದೊಡ್ಡ ಅಂಗಡಿ ಷರತ್ತು ಹಾಕುತ್ತದೆ, ಸಣ್ಣ ಅಂಗಡಿ ಮುಚ್ಚಿಹೋಗುತ್ತದೆ.

ಉತ್ತರ: ಅಚ್ಚುಮೊಳೆ

ನಾನು ಮಲೆನಾಡಿನ ಊರೊಂದರಿಂದ ವರ್ಷಕ್ಕೆ ಎಂಟು ಹತ್ತು ಪುಸ್ತಕ ಹೊರತರುವ ಪ್ರಕಾಶಕ. ಇಲ್ಲಿ ಎಲ್ಲರೂ ಬೀಗದ ಬಗ್ಗೆ ದೂರುತ್ತಿರುವುದರಿಂದ, ಬೀಗ ಹಾಕುವವನ ಮಾತನ್ನೂ ಕೇಳಿರಿ.

ನಮ್ಮ ಹಳೆಯ ಪುಸ್ತಕಗಳೆಲ್ಲ ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ, ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ಕೂತಿವೆ. ಅವನ್ನು ಇಪಬ್‌ಗೆ ತರುವುದೆಂದರೆ ಒಂದು ಗುಂಡಿ ಒತ್ತುವ ಕೆಲಸವಲ್ಲ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳು ಕೆಡುತ್ತವೆ, ಅರ್ಕಾವತ್ತು ಹೋಗಿ ಬೇರೆ ಅಕ್ಷರದ ಮೇಲೆ ಕೂರುತ್ತದೆ, ಇಡೀ ಪುಸ್ತಕದ ಕರಡನ್ನು ಮತ್ತೊಮ್ಮೆ ತಿದ್ದಬೇಕಾಗುತ್ತದೆ. ಅಷ್ಟು ಮಾಡಿ 90 ರೂಪಾಯಿಗೆ ಮಾರಲು ಇಟ್ಟ ಒಂದು ಕಾದಂಬರಿಯ ಪಿಡಿಎಫ್ ನಾಲ್ಕನೆಯ ದಿನಕ್ಕೆ ನಮ್ಮ ಸ್ವಂತ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ, ‘ಸಾಹಿತ್ಯಾಸಕ್ತರಿಗೆ ಉಚಿತ’ ಎಂಬ ಒಕ್ಕಣೆಯೊಂದಿಗೆ ನನಗೇ ಬಂತು. ಕಳುಹಿಸಿದವರು ನನ್ನ ಹಿತೈಷಿಗಳೇ. ಆ ಲೇಖಕರಿಗೆ ಏನೆಂದು ಹೇಳಲಿ?

ಆದರೂ ಎರಡು ವರ್ಷಗಳಿಂದ ನಾನೇ ಬೀಗ ತೆಗೆದಿದ್ದೇನೆ. ಬೀಗ ಮುರಿಯುವವರು ಹೇಗೂ ಮುರಿಯುತ್ತಾರೆ, ಪೀಡೆ ಅನುಭವಿಸುವವರು ಹಣ ಕೊಟ್ಟವರು ಮಾತ್ರ ಎಂಬುದು ನಿಧಾನವಾಗಿ ಅರ್ಥವಾಯಿತು. ಈಗ ನಮ್ಮ ತಾಣದಿಂದ ಕೊಂಡವರಿಗೆ ಇಪಬ್ ಕಡತವನ್ನೇ ಕಳುಹಿಸುತ್ತೇವೆ, ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಅದರ ಎರಡನೆಯ ಪುಟದಲ್ಲಿ ಕೊಂಡವರ ಹೆಸರು ಮತ್ತು ಮೊಬೈಲ್ ಸಂಖ್ಯೆ ಅಚ್ಚಾಗಿರುತ್ತದೆ. ತಮ್ಮ ಹೆಸರಿರುವ ಪುಸ್ತಕವನ್ನು ಊರಿಗೆಲ್ಲ ಹಂಚಲು ಜನ ಹಿಂಜರಿಯುತ್ತಾರೆ. ಆಗಿನಿಂದ ನಮ್ಮ ಪುಸ್ತಕಗಳು ಗುಂಪುಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಸಲ.

ವಕೀಲರಿಗೆ ಒಂದು ಪ್ರಶ್ನೆ: ಬೇರೆಡೆ ಕೊಂಡ ಪುಸ್ತಕದ ಬೀಗವನ್ನು ಓದುಗರು ತಮ್ಮ ಸ್ವಂತಕ್ಕಾಗಿ ತೆಗೆದುಕೊಂಡರೆ ಅದು ಅಪರಾಧವೇ? ಹಲವರು ನನ್ನನ್ನು ಕೇಳುತ್ತಾರೆ.

ಉತ್ತರ: ಸಾಧನಕೇರಿ ವಕೀಲ

ಅಚ್ಚುಮೊಳೆ ಅವರೇ, ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಿಂದ ಬಂದ 65ಎ ಕಲಂ ಪ್ರಕಾರ, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದು ಎರಡು ವರ್ಷದವರೆಗೆ ಸೆರೆ ಮತ್ತು ದಂಡಕ್ಕೆ ಗುರಿಮಾಡುವ ಅಪರಾಧ. ‘ಉದ್ದೇಶದಿಂದ’ ಎಂಬ ಪದದಲ್ಲೇ ತಿರುಳಿದೆ. ತಂತ್ರಾಂಶದ ಕಾಪುಪ್ರತಿ (ಬ್ಯಾಕಪ್) ಇಟ್ಟುಕೊಳ್ಳಲು 52ನೇ ಕಲಂನಲ್ಲಿ ನೇರವಾದ ಅನುಮತಿಯಿದೆ, ಇ-ಪುಸ್ತಕಕ್ಕೆ ಅಷ್ಟು ನೇರವಾದ ಮಾತಿಲ್ಲ, ಖಾಸಗಿ ಬಳಕೆಯ ನ್ಯಾಯೋಚಿತ ಉಪಯೋಗ ಎಂಬ ಸಾಮಾನ್ಯ ವಿನಾಯಿತಿ ಇದೆ. ದೃಷ್ಟಿದೋಷ ಉಳ್ಳವರು ಓದಲು ಅನುಕೂಲವಾಗುವ ರೂಪಕ್ಕೆ ಬದಲಿಸುವುದಕ್ಕೆ ಅದೇ ಕಲಂನಲ್ಲಿ ಸ್ಪಷ್ಟ ಅವಕಾಶವಿದೆ. ಉಳಿದವರಿಗೆ ನಾನು ಧೈರ್ಯ ಹೇಳಲಾರೆ. ಬೀಗವಿಲ್ಲದೆ ಮಾರುವವರಲ್ಲಿ ಕೊಳ್ಳಿ ಎನ್ನುವುದು ಸುಲಭದ ಸಲಹೆ. ಅದರಲ್ಲೂ 2025ರ ಫೆಬ್ರುವರಿ 26ರಿಂದ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ತಂತಿಯಿಂದ ಸಾಗಿಸುವ ಸೌಲಭ್ಯವನ್ನೂ ಅಮೆಜಾನ್ ತೆಗೆದುಹಾಕಿದ ಮೇಲೆ, ಕಡತ ಕೈಗೆ ಸಿಗುತ್ತದೆಯೇ ಎಂದು ಕೊಳ್ಳುವ ಮುನ್ನವೇ ನೋಡುವುದು ಅಗತ್ಯವಾಗಿದೆ.

ಪ್ರತಿಕ್ರಿಯೆ: ಬೆಣ್ಣೆನಗರಿ ಓದುಗಿ

ಎಲ್ಲರಿಗೂ ಕೃತಜ್ಞತೆಗಳು. ಕುಂದುಕೊರತೆ ಅಧಿಕಾರಿಯ ಹೆಸರು ಆ ಕಂಪನಿಯ ತಾಣದ ತೀರ ಕೆಳಗೆ, ಬೂದು ಬಣ್ಣದ ಅಕ್ಷರದಲ್ಲಿ ಸಿಕ್ಕಿತು. ಸೋಮವಾರ ಬರೆದೆ, ಬುಧವಾರ ಬೆಳಗ್ಗೆ ದೂರಿನ ಸಂಖ್ಯೆ ಬಂತು. ಗ್ರಾಹಕ ಸಹಾಯ ವಿಭಾಗದಿಂದ ಎರಡು ತಿಂಗಳಲ್ಲಿ ಬಾರದಿದ್ದದ್ದು ಇದು. ಟಿಪ್ಪಣಿಗಳಾದರೂ ಸರ್ವರ್‌ನಲ್ಲಿ ಉಳಿದಿದ್ದರೆ ಕೊಡಿ ಎಂದು ಸೇರಿಸಿದ್ದೇನೆ. ಟ್ಯಾಬ್‌ನಲ್ಲಿ ಅತ್ತೆಯವರಿಗೆ ಬೇರೆ ಪ್ರೊಫೈಲ್ ಆಯಿತು. ನೋಂದಾಯಿತ ಸಾಧನಗಳ ಪಟ್ಟಿಯಲ್ಲಿ ಮೂರು ವರ್ಷದ ಹಿಂದೆ ವಿನಿಮಯಕ್ಕೆ ಕೊಟ್ಟ ಫೋನು ನಿಜಕ್ಕೂ ಇತ್ತು.

ಅಚ್ಚುಮೊಳೆ ಅವರೇ, ಕಳೆದುಹೋದ 43ರಲ್ಲಿ ಮಲೆನಾಡಿನ ಪ್ರಕಾಶಕರ ಎರಡು ಪುಸ್ತಕಗಳಿದ್ದವು, ಅವು ನಿಮ್ಮವೇ ಇರಬಹುದು. ನಿಮ್ಮವಾದರೆ ಕಡತದ ರೂಪದಲ್ಲಿ ಮತ್ತೆ ಹಣ ಕೊಟ್ಟೇ ಕೊಳ್ಳುತ್ತೇನೆ. ಒಂದೇ ವಿನಂತಿ: ಎರಡನೆಯ ಪುಟದಲ್ಲಿ ಮೊಬೈಲ್ ಸಂಖ್ಯೆ ಬೇಡ. ಪುಸ್ತಕವನ್ನು ತರಗತಿಯ ಪರದೆಯ ಮೇಲೆ ತೋರಿಸುವವಳು ನಾನು, ಎದುರಿಗೆ 50 ಮಕ್ಕಳಿರುತ್ತಾರೆ.

ಉತ್ತರ: ಅಚ್ಚುಮೊಳೆ

ಹೌದಲ್ಲ ಮೇಡಂ, ಇದು ನನಗೆ ಹೊಳೆದಿರಲೇ ಇಲ್ಲ. ನಮ್ಮ ತಾಣ ನೋಡಿಕೊಳ್ಳುವ ಹುಡುಗನಿಗೆ ಈಗಷ್ಟೇ ಹೇಳಿದೆ. ಇನ್ನು ಮುಂದೆ ಆರ್ಡರ್ ಸಂಖ್ಯೆಯೊಂದೇ ಇರುತ್ತದೆ, ಯಾರದೆಂದು ನಮ್ಮ ಲೆಕ್ಕದ ಪುಸ್ತಕದಲ್ಲಿ ನೋಡಿದರೆ ನಮಗೆ ಗೊತ್ತಾಗುತ್ತದೆ, ಸಾಕು. ಈಗಾಗಲೇ ಕೊಂಡವರಿಗೂ ಹೊಸ ಕಡತ ಕಳುಹಿಸಬೇಕೇ ಎಂದು ಅವನು ಕೇಳುತ್ತಿದ್ದಾನೆ. ಕಳುಹಿಸು ಎಂದಿದ್ದೇನೆ.